ಕಾರ್ಡ್‌ವುಡ್ ಗೋಡೆ ಕಟ್ಟಿಸಿದ್ದೇವೆ: ಮರಕ್ಕಿಂತ ಮೊದಲು ಗಾರೆ ನೋಡಿ

ಮೊದಲು ತೀರ್ಪು ಹೇಳಿಬಿಡುತ್ತೇನೆ. ನಮ್ಮ ಮನೆಗೆ ಹೊಸದಾಗಿ ಸೇರಿಸಿದ ಓದುವ ಕೋಣೆಗೆ ಕಾರ್ಡ್‌ವುಡ್ ಗೋಡೆ ಹಾಕಿಸಿದ್ದೇವೆ. ಗೋಡೆಗೆ ಐದಕ್ಕೆ ಐದು ಅಂಕ. ಕಟ್ಟಿದ ತಂಡಕ್ಕೆ ನಾಲ್ಕು. ಒಂದು ಅಂಕ ಯಾಕೆ ಕಡಿಮೆ ಅನ್ನುವುದು ಕಿಟಕಿಯ ಮೇಲಿನ ಒಂದು ಮೊಳ ಜಾಗದಲ್ಲಿ ಕಾಣುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಕೆಲಸ ಮನೆಗಳ ಒಳಾಂಗಣ ಅಲಂಕಾರ. ಬೇರೆಯವರ ಗೋಡೆಗೆ ಬಣ್ಣ, ಬೆಳಕು, ಪರದೆ ಹೊಂದಿಸಿಕೊಡುವುದೇ ನನ್ನ ದಿನದ ಪಾಡು. ಹಾಗಾಗಿ ಇಲ್ಲಿ ಎಂಜಿನಿಯರ್ ಲೆಕ್ಕ ಕಡಿಮೆ, ಕಣ್ಣಿಗೆ ಕಾಣುವ ಮತ್ತು ಕೈಗೆ ತಾಗುವ ವಿಷಯ ಜಾಸ್ತಿ.

ಕಾರ್ಡ್‌ವುಡ್ ಗೊತ್ತಿಲ್ಲದವರಿಗೆ ಎರಡು ಮಾತು. ಸೌದೆ ಒಟ್ಟಿದ ಹಾಗೆ ಮರದ ಗಿಡ್ಡ ತುಂಡುಗಳನ್ನು ಗೋಡೆಗೆ ಅಡ್ಡಲಾಗಿ ಮಲಗಿಸಿ, ಸಂದಿಗೆ ಗಾರೆ ತುಂಬಿ ಕಟ್ಟುತ್ತಾರೆ. ತುಂಡಿನ ಉದ್ದವೇ ಗೋಡೆಯ ದಪ್ಪ. ಸಾಮಾನ್ಯವಾಗಿ 8 ಇಂಚಿನಿಂದ 24 ಇಂಚಿನವರೆಗೆ ಇರುತ್ತದೆ. ನಮ್ಮದು 16 ಇಂಚು. ಒಳಗೆ ನಿಂತರೂ ಹೊರಗೆ ನಿಂತರೂ ಕಾಣುವುದು ಮರದ ಕೊಯ್ದ ಮುಖ ಮತ್ತು ಅದರ ಉಂಗುರಗಳು. ಗಾರೆ ಗೋಡೆಯ ಈ ಕಡೆಯಿಂದ ಆ ಕಡೆಗೆ ಪೂರ್ತಿ ಇರುವುದಿಲ್ಲ. ಒಳಮುಖಕ್ಕೆ ಒಂದು ಪಟ್ಟಿ, ಹೊರಮುಖಕ್ಕೆ ಒಂದು ಪಟ್ಟಿ, ನಡುವೆ ಸುಣ್ಣ ಬೆರೆಸಿದ ಒಣ ಮರದ ಹೊಟ್ಟು. ನಮ್ಮ ಗೋಡೆಯಲ್ಲಿ 5 ಇಂಚು ಗಾರೆ, 6 ಇಂಚು ಹೊಟ್ಟು, ಮತ್ತೆ 5 ಇಂಚು ಗಾರೆ. ನಡುವೆ ಹೊಟ್ಟು ಇರುವುದರಿಂದಲೇ ಹೊರಗಿನ ಚಳಿ ಗಾರೆ ಹಿಡಿದು ನೇರವಾಗಿ ಒಳಗೆ ಬರುವುದಿಲ್ಲ.

ಮನೆಗೆ ಬಂದವರೆಲ್ಲ ಮರ ನೋಡುತ್ತಾರೆ. "ಎಷ್ಟು ಚೆಂದದ ಉಂಗುರ" ಅನ್ನುತ್ತಾರೆ, ಮುಟ್ಟಿ ನೋಡುತ್ತಾರೆ. ತಪ್ಪೇನಿಲ್ಲ. ಆದರೆ ಇಂಥ ಗೋಡೆ ಕಟ್ಟಿಸಬೇಕು ಅಂತ ಯೋಚಿಸುತ್ತಿರುವವರು ಮರಕ್ಕೆ ಮರುಳಾಗುವ ಮೊದಲು ಗಾರೆ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮರದ ಮುಖ ಹೇಗಿದ್ದರೂ ಚೆಂದವೇ. ಅದನ್ನು ಕೆಡಿಸುವುದು ಕಷ್ಟ. ಸಂದಿನಲ್ಲಿರುವ ಗಾರೆಯನ್ನು ಕೆಡಿಸುವುದು ಮಾತ್ರ ಬಹಳ ಸುಲಭ. ಕಟ್ಟಿದವರ ಕೈ ಹೇಗಿದೆ, ತಾಳ್ಮೆ ಎಷ್ಟಿದೆ ಅಂತ ಗೊತ್ತಾಗುವುದು ಅಲ್ಲೇ. ತಂಡ ತೋರಿಸುವ ಫೋಟೋಗಳಲ್ಲಿ ಹತ್ತಿರದಿಂದ ತೆಗೆದ ಗಾರೆಯ ಫೋಟೋ ಒಂದೂ ಇಲ್ಲ ಅಂದರೆ ಕೇಳಿ ತರಿಸಿಕೊಳ್ಳಿ. ಅವರು ಕಟ್ಟಿದ ಹಳೆಯ ಗೋಡೆಯನ್ನು ಹೋಗಿ ನೋಡಲು ಆದರೆ ಇನ್ನೂ ಒಳ್ಳೆಯದು.

ಮರದ ವಿಷಯದಲ್ಲಿ ನಮ್ಮ ತಂಡ ಪ್ರಾಮಾಣಿಕವಾಗಿತ್ತು. ಹಗುರ ಜಾತಿಯ ಮರವೇ ಬೇಕು ಅಂತ ಅವರೇ ಹೇಳಿದರು, ಸೀಡರ್ ತಂದರು. ಗಟ್ಟಿ ಮರ ಬಾಳಿಕೆ ಬರುತ್ತದೆ ಅಂತ ನಮ್ಮ ಮನೆಯವರಿಗೆ ಅನಿಸಿತ್ತು. ಮೇಸ್ತ್ರಿ ಒಪ್ಪಲಿಲ್ಲ. "ಸಾರ್, ಗಟ್ಟಿ ಮರ ನೀರು ಕುಡಿದರೆ ಊದುತ್ತೆ. ಗೋಡೆನೇ ತಳ್ಳಿಬಿಡುತ್ತೆ" ಅಂದರು. ಅದು ನಿಜ. ಚೆನ್ನಾಗಿ ಒಣಗಿದ ಗಟ್ಟಿ ಮರವನ್ನು ಗಾರೆಯಲ್ಲಿ ಕೂರಿಸಿದಾಗ, ಮಳೆಯದೋ ಗಾರೆಯದೋ ತೇವ ಎಳೆದುಕೊಂಡು ಹಿಗ್ಗಿ ಗೋಡೆ ವಾಲಿದ ಉದಾಹರಣೆಗಳು ಈ ಕೆಲಸದಲ್ಲಿ ಇವೆ. ಹಗುರ ಮರ ಅಷ್ಟು ಹಿಗ್ಗುವುದಿಲ್ಲ. ಅದು ಕುಗ್ಗುತ್ತದೆ, ಆಗ ಸುತ್ತ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಸಂದನ್ನು ಆಮೇಲೆ ಮುಚ್ಚಬಹುದು, ವಾಲಿದ ಗೋಡೆಯನ್ನು ನೆಟ್ಟಗೆ ಮಾಡಲು ಆಗಲ್ಲ.

ತುಂಡುಗಳ ತೊಗಟೆ ಪೂರ್ತಿ ತೆಗೆದಿದ್ದರು. ಇದನ್ನು ಒಂದೊಂದಾಗಿ ನೋಡಿಕೊಳ್ಳಿ. ತೊಗಟೆ ಬಿಟ್ಟರೆ ಅದರ ಕೆಳಗೆ ತೇವ ನಿಲ್ಲುತ್ತದೆ, ಹುಳ ಸೇರುತ್ತದೆ, ಕೊನೆಗೆ ತೊಗಟೆ ಮರದಿಂದ ಬಿಟ್ಟುಕೊಂಡು ತುಂಡೇ ಸಡಿಲವಾಗುತ್ತದೆ. ಮರ ಒಣಗುವಾಗ ನಡುವಿನಿಂದ ಅಂಚಿಗೆ ಒಂದು ದೊಡ್ಡ ಬಿರುಕು ಬಿಡುತ್ತದೆ. ಕಾಂಡದ ಮರ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವಷ್ಟು ಅಡ್ಡಳತೆಯಲ್ಲಿ ಕುಗ್ಗುವುದಿಲ್ಲ, ಹೆಚ್ಚುಕಡಿಮೆ ಅರ್ಧದಷ್ಟೇ. ಆ ಎಳೆದಾಟಕ್ಕೆ ಅದು ಸೀಳಲೇಬೇಕು. ಬಿರುಕು ಬಂದಿರುವುದು ಮರ ಒಣಗಿದೆ ಅನ್ನುವುದರ ಗುರುತು, ಅದಕ್ಕೆ ಹೆದರಬೇಡಿ. ನಮ್ಮವರು ಹೊರಗಡೆಯ ಬಿರುಕುಗಳನ್ನೆಲ್ಲ ಕೆಳಮುಖವಾಗಿ ಕೂರಿಸಿದರು, ಮಳೆ ನೀರು ಒಳಗೆ ಇಳಿಯಬಾರದು ಅಂತ. ನಾನು ಕೇಳದೆಯೇ ಮಾಡಿದ ಕೆಲಸ ಅದು. ಅಲ್ಲೇ ಅವರ ಮೇಲೆ ನಂಬಿಕೆ ಬಂತು.

ಇನ್ನು ಗಾರೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಗೋಡೆಯ ಹಣೆಬರಹ ಇಲ್ಲೇ ಬರೆಯುವುದು. ಕಾರ್ಡ್‌ವುಡ್ ಕಟ್ಟುವವರಲ್ಲಿ ಬಹಳ ಜನ ಬಳಸುವ ಒಂದು ಪಾಕ ಇದೆ: 9 ಪಾಲು ಮರಳು, 3 ಪಾಲು ನೆನೆಸಿದ ಮರದ ಹೊಟ್ಟು, 3 ಪಾಲು ಸುಣ್ಣ, 2 ಪಾಲು ಸಿಮೆಂಟ್. ನಮ್ಮವರೂ ಅದನ್ನೇ ಹಿಡಿದರು. ಗಾರೆಗೆ ಹೊಟ್ಟು ಹಾಕುತ್ತಾರೆ ಅಂದಾಗ ನಾನು ಮೊದಲು ಹುಬ್ಬೇರಿಸಿದೆ. ಆದರೆ ಅದರ ಕೆಲಸ ಕೇಳಿದ ಮೇಲೆ ಸರಿ ಅನಿಸಿತು. ರಾತ್ರಿಯೆಲ್ಲ ನೆನೆದ ಹೊಟ್ಟು ನೀರನ್ನು ಹಿಡಿದಿಟ್ಟುಕೊಂಡು, ಗಾರೆ ಒಣಗುವಾಗ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಗಾರೆ ನಿಧಾನಕ್ಕೆ ಒಣಗುತ್ತದೆ, ನಿಧಾನಕ್ಕೆ ಒಣಗಿದ ಗಾರೆ ಕಡಿಮೆ ಕುಗ್ಗುತ್ತದೆ, ಬಿರುಕು ಬಿಡುವುದಿಲ್ಲ. ಹೊಟ್ಟು ದೊಡ್ಡ ದೊಡ್ಡ ಸಿಪ್ಪೆಯಾಗಿ ಇರಬಾರದು, ಬರೀ ನುಣ್ಣನೆ ಪುಡಿಯೂ ಆಗಬಾರದು. ಅವರು ಜರಡಿ ಹಿಡಿದು ಹಾಕುತ್ತಿದ್ದರು. ನಡುವೆ ತುಂಬುವ ಹೊಟ್ಟು ಬೇರೆ, ಅದು ಒಣದು. 12 ಪಾಲು ಹೊಟ್ಟಿಗೆ 1 ಪಾಲು ಸುಣ್ಣ. ಸುಣ್ಣ ಇದ್ದರೆ ಹುಳು ಹತ್ತಿರ ಬರಲು ಹಿಂಜರಿಯುತ್ತದೆ.

ಕಲಸುವವರು, ಕೂರಿಸುವವರು ಎಲ್ಲರೂ ರಬ್ಬರ್ ಕೈಗವಸು ಹಾಕಿದ್ದರು. ಇದಕ್ಕೂ ನನ್ನ ಲೆಕ್ಕದಲ್ಲಿ ಅಂಕ ಇದೆ. ಹಸಿ ಸುಣ್ಣ ಮತ್ತು ಸಿಮೆಂಟ್ ಚರ್ಮ ಸುಡುತ್ತದೆ. ಬರಿಗೈಲಿ ಕೆಲಸ ಮಾಡಿಸುವ ತಂಡವನ್ನು ನಾನು ಕರೆಯುವುದಿಲ್ಲ.

ಈಗ ಪಾಯಿಂಟಿಂಗ್. ತುಂಡುಗಳ ನಡುವೆ ಗಾರೆಯ ಅಗಲ ಸುಮಾರು ಒಂದು ಇಂಚು. ಅದನ್ನು ಒತ್ತಿ, ತೀಡಿ, ಮರದ ಮುಖಕ್ಕಿಂತ ಕಾಲು ಇಂಚು ಒಳಗೆ ತಳ್ಳಿ ನಯ ಮಾಡುವ ಕೆಲಸ ಇದು. ನಮ್ಮ ತಂಡದಲ್ಲಿ ಇದನ್ನು ಮಾಡುತ್ತಿದ್ದವರು ಒಬ್ಬ ಹೆಂಗಸು. ನಾನು ಅಕ್ಕ ಅಂತ ಕರೆಯುತ್ತಿದ್ದೆ. ಅವರ ಉಪಕರಣ ಒಂದು ಹಳೆಯ ಊಟದ ಚಾಕು. ತುದಿಯಿಂದ ಒಂದು ಇಂಚು ಹಿಂದಕ್ಕೆ ಅದನ್ನು ಸ್ವಲ್ಪ ಬಗ್ಗಿಸಿಕೊಂಡಿದ್ದರು. ಮೊದಲು ಹೆಬ್ಬೆರಳಿನಿಂದ ಗಾರೆ ಒತ್ತಿ ನೋಡುತ್ತಿದ್ದರು. ಬೆರಳಿಗೆ ಅಂಟಿದರೆ ಇನ್ನೂ ಹಸಿ, ಬಿಟ್ಟು ಮುಂದೆ ಹೋಗುತ್ತಿದ್ದರು. ಅಚ್ಚು ಮಾತ್ರ ಬಿದ್ದು ಅಂಟದೆ ಇದ್ದರೆ ಚಾಕು ಹಿಡಿಯುತ್ತಿದ್ದರು. ತುಂಡಿನ ಸುತ್ತ ಒಂದೇ ಎಳೆತ. ಎರಡನೇ ಸಲ ಹೋಗುವಾಗ ಚಾಕುವಿನ ಬೆನ್ನನ್ನು ಮರಕ್ಕೆ ಒತ್ತಿ, ಗಾರೆಯನ್ನು ಅಂಚಿಗೆ ಗಟ್ಟಿಯಾಗಿ ತಳ್ಳುವುದು. ಆ ಎರಡನೇ ಎಳೆತವೇ ಮುಖ್ಯ ಅಂದರು. ಗಾರೆ ಮರಕ್ಕೆ ಅಂಟುವುದಿಲ್ಲ, ಒತ್ತಿಕೊಂಡು ನಿಲ್ಲುತ್ತದೆ, ಅಷ್ಟೇ. ಒತ್ತಡ ಸಾಲದಿದ್ದರೆ ಮೊದಲ ದಿನ ಚೆನ್ನಾಗಿ ಕಾಣುತ್ತದೆ, ಒಣಗಿದ ಮೇಲೆ ತುಂಡಿನ ಸುತ್ತ ಕಪ್ಪು ಗೆರೆ ಎದ್ದು ನಿಲ್ಲುತ್ತದೆ.

ಅಕ್ಕ ತೀಡಿದ ಭಾಗ ಯಾವುದು, ಬೇರೆಯವರು ತೀಡಿದ ಭಾಗ ಯಾವುದು ಅಂತ ಇವತ್ತಿಗೂ ನನಗೆ ಕಣ್ಣು ಮುಚ್ಚಿ ಕೈಯಾಡಿಸಿದರೂ ಗೊತ್ತಾಗುತ್ತದೆ. ಅವರ ಗಾರೆ ನುಣುಪು, ಮರದ ಅಂಚಿಗೆ ಬಂದು ಸ್ವಲ್ಪ ಮೇಲೇರಿ ನಿಲ್ಲುತ್ತದೆ. ಬೇರೆ ಕಡೆ ಚಾಕು ನಿಂತು ಹೊರಟ ಗುರುತು ಸಿಗುತ್ತದೆ, ಮರಳಿನ ಕಾಳು ಬೆರಳಿಗೆ ತಾಗುತ್ತದೆ. ದೂರದಿಂದ ಎರಡೂ ಒಂದೇ. ಆದರೆ ಸಂಜೆ ದೀಪ ಹಾಕಿದಾಗ ಬೇರೆ ಬೇರೆಯಾಗಿ ಕಾಣುತ್ತವೆ.

ಆ ಒಂದು ಅಂಕದ ವಿಷಯಕ್ಕೆ ಬರುತ್ತೇನೆ. ಕಿಟಕಿಯ ಚೌಕಟ್ಟಿನ ಮೇಲೆ ತೊಲೆಯವರೆಗೆ ಒಂದು ಮೊಳ ಜಾಗ ಉಳಿದಿತ್ತು. ಅಲ್ಲಿಗೆ ಬರುವಷ್ಟರಲ್ಲಿ ಸಣ್ಣ ತುಂಡುಗಳು ಮುಗಿದಿದ್ದವು. ಇಂಥ ಮೂಲೆ ಮುಗಿಸಲು ಸೀಳಿದ ಸಣ್ಣ ತುಂಡು, ತೆಳ್ಳನೆಯ ಕೊಂಬೆ ತುಂಡು ಮೊದಲೇ ಎತ್ತಿಟ್ಟುಕೊಳ್ಳಬೇಕು. ಎತ್ತಿಟ್ಟಿರಲಿಲ್ಲ. ಒಂದೇ ಗಾತ್ರದ ದಪ್ಪ ತುಂಡುಗಳನ್ನು ಸಾಲಾಗಿ ಕೂರಿಸಿ, ನಡುವೆ ಅಂಗೈ ಅಗಲದ ಗಾರೆ ಮೆತ್ತಿದರು. ಸಾಲದ್ದಕ್ಕೆ ಆ ದಿನ ನೆನೆಸಿದ ಹೊಟ್ಟು ಖಾಲಿಯಾಗಿತ್ತು. ಒಣ ಹೊಟ್ಟನ್ನೇ ಹಾಕಿ ಕಲಸಿಬಿಟ್ಟರು. ಒಣ ಹೊಟ್ಟು ನೀರು ಬಿಟ್ಟುಕೊಡುವುದಿರಲಿ, ಗಾರೆಯ ನೀರನ್ನೇ ಕುಡಿಯುತ್ತದೆ. ಮೇಲಾಗಿ ಬಿಸಿಲು ಜೋರಾಗಿತ್ತು. ಆ ಭಾಗದಲ್ಲಿ ಜೇಡರ ಬಲೆ ತರಹ ಬಿರುಕು ಬಂದಿದೆ. ಉಳಿದ ಇಡೀ ಗೋಡೆಯಲ್ಲಿ ಅಂಥದ್ದು ಒಂದೂ ಇಲ್ಲ.

ಮೇಸ್ತ್ರಿಗೆ ತೋರಿಸಿದೆ. "ಮೇಡಂ, ಪರದೆ ಬರುತ್ತಲ್ಲ, ಕಾಣಲ್ಲ ಬಿಡಿ" ಅಂದರು. ಈ ಉತ್ತರ ನನಗೆ ಇಷ್ಟವಾಗಲಿಲ್ಲ. ಗೋಡೆಗೇನೂ ಅಪಾಯವಿಲ್ಲ ಅಂತ ನನಗೂ ಗೊತ್ತು. ಆದರೆ ಅಷ್ಟು ಚೆನ್ನಾಗಿ ಶುರು ಮಾಡಿದ ಕೆಲಸಕ್ಕೆ ಕೊನೆಯ ಒಂದು ಮೊಳದಲ್ಲಿ ಆತುರ ಯಾಕೆ? ಮಾರನೇ ದಿನ ಹೊಟ್ಟು ನೆನೆಸಿ ಮುಗಿಸಿದ್ದರೆ ಸಾಕಿತ್ತು. ಕಾರ್ಡ್‌ವುಡ್ ನಿಧಾನದ ಕೆಲಸ. ಒಂದು ತುಂಡನ್ನು ಕೊಯ್ಯುವುದು, ತೊಗಟೆ ತೆಗೆಯುವುದು, ಒಟ್ಟುವುದು, ತಿರುಗಿ ಎತ್ತುವುದು, ಆರಿಸುವುದು, ಕೂರಿಸುವುದು ಅಂತ ಎಷ್ಟು ಸಲ ಕೈಗೆ ಬರುತ್ತದೆ ನೋಡಿ. ಅಷ್ಟೆಲ್ಲ ಮಾಡಿದವರು ಒಂದು ರಾತ್ರಿ ಕಾಯಬಹುದಿತ್ತು.

ಇನ್ನೊಂದು ಸಂಗತಿಯಲ್ಲಿ ನಾನು ಅಡ್ಡ ನಿಲ್ಲಬೇಕಾಯಿತು. ಕೊನೆಗೆ ಮರದ ಮುಖಗಳಿಗೆ ವಾರ್ನಿಶ್ ಹೊಡೆಯುತ್ತೇವೆ, ಶೈನ್ ಬರುತ್ತದೆ ಅಂತ ತಂಡದ ಒಬ್ಬ ಹುಡುಗ ಡಬ್ಬಿ ತಂದಿದ್ದ. ಬೇಡ ಅಂದೆ. ಕೊಯ್ದ ಮುಖದ ಮೂಲಕವೇ ಮರ ತೇವ ಎಳೆದುಕೊಳ್ಳುತ್ತದೆ, ಬಿಡುತ್ತದೆ. ಎರಡೂ ಕಡೆ ಬಾಯಿ ಮುಚ್ಚಿದರೆ ಒಳಗಿನ ತೇವ ಅಲ್ಲೇ ನಿಂತು ಮರ ಕೊಳೆಯುತ್ತದೆ. ನೋಟಕ್ಕೂ ಹೊಳಪು ಬೇಕಿಲ್ಲ. ಅಕ್ಕನೂ ಮೇಸ್ತ್ರಿಯೂ ನನ್ನ ಮಾತಿಗೇ ಬಂದರು. ಒಳಮುಖಗಳನ್ನು ಮರಳು ಕಾಗದದಿಂದ ಹಗುರವಾಗಿ ಉಜ್ಜಿ ಬಿಟ್ಟೆವು. ಉಜ್ಜಿದ್ದಕ್ಕೆ ಉಂಗುರ ಸ್ಪಷ್ಟವಾಯಿತು, ಧೂಳು ಹಿಡಿಯುವುದೂ ಕಡಿಮೆಯಾಯಿತು.

ಈಗ ನನಗೆ ಬಹಳ ಇಷ್ಟವಾದ ಭಾಗ, ಬಾಟಲಿಗಳು. ಕಾರ್ಡ್‌ವುಡ್ ಗೋಡೆಯಲ್ಲಿ ಮರದ ತುಂಡಿನ ಜಾಗದಲ್ಲಿ ಗಾಜಿನ ಬಾಟಲಿ ಕೂರಿಸಬಹುದು. ಎರಡು ಬಾಟಲಿಗಳ ಕುತ್ತಿಗೆ ಕತ್ತರಿಸಿ, ಬಾಯಿಗೆ ಬಾಯಿ ಸೇರಿಸಿ, ಗೋಡೆಯ ದಪ್ಪಕ್ಕೆ ಸರಿಯಾಗಿ ಒಂದು ಕೊಳವೆ ಮಾಡುತ್ತಾರೆ. ಸುತ್ತ ತೆಳು ಅಲ್ಯೂಮಿನಿಯಂ ಹಾಳೆ ಸುತ್ತುತ್ತಾರೆ. ಹಾಳೆ ಒಳಗಿನ ಬೆಳಕನ್ನು ಚದುರದಂತೆ ಹಿಡಿದು ಈ ಕಡೆಗೆ ತಳ್ಳುತ್ತದೆ. ಹೊರಗಡೆ ಬಣ್ಣವಿಲ್ಲದ ಗಾಜು, ಒಳಗಡೆ ಬಣ್ಣದ್ದು. ಎರಡೂ ಬಣ್ಣದ್ದೇ ಆದರೆ ಬೆಳಕು ಮಂಕಾಗುತ್ತದೆ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಎರಡೂ ಕಡೆ ಕಂದು ಗಾಜು ಹಾಕಿ ಆಮೇಲೆ ಬೇಜಾರಾದ ಮನೆ ನೋಡಿದ್ದೇನೆ.

ನಾನು ಹಸಿರು, ಜೇನಿನ ಬಣ್ಣ ಮತ್ತು ಕೆಲವೇ ಕೆಲವು ನೀಲಿ ಆರಿಸಿದೆ. ಸಾಲಾಗಿ ಜೋಡಿಸಬೇಡಿ ಅಂತ ಮೊದಲೇ ಹೇಳಿದ್ದೆ. ಮೇಲಿನ ಎಡಮೂಲೆಯಿಂದ ಒಂದು ಹಿಡಿ ಬೀಸಿ ಎಸೆದಂತೆ, ಕೆಳಗೆ ಬರುತ್ತಾ ಚದುರಿ ಹೋಗುವ ಹಾಗೆ ಇಟ್ಟರು. ಇಡುವ ಮೊದಲು ನೆಲದ ಮೇಲೆ ಗೋಡೆಯ ಅಳತೆಗೆ ಗೆರೆ ಹಾಕಿ, ಬಾಟಲಿಗಳನ್ನು ಜೋಡಿಸಿ ತೋರಿಸಿದ್ದು ತಂಡದ ಒಳ್ಳೆಯ ಅಭ್ಯಾಸ. ಸಂಜೆ ಬಿಸಿಲು ಆ ಗೋಡೆಗೆ ಬೀಳುವ ಹೊತ್ತಿಗೆ ಎದುರಿನ ನೆಲದ ಮೇಲೆ ಹಸಿರು ಚುಕ್ಕೆಗಳು ನಿಧಾನಕ್ಕೆ ಸರಿಯುತ್ತವೆ. ಒಂದು ಬಾಟಲಿ ಮಾತ್ರ ಒಳಗೆ ಮಂಜು ಹಿಡಿದಂತೆ ಮಬ್ಬಾಗಿದೆ. ತೊಳೆದ ಮೇಲೆ ಪೂರ್ತಿ ಒಣಗುವ ಮೊದಲೇ ಸೇರಿಸಿಬಿಟ್ಟಿದ್ದಾರೆ. ಗೋಡೆಯೊಳಗೆ ಹೋದ ಮೇಲೆ ಅದನ್ನು ಸರಿಮಾಡಲು ಆಗುವುದಿಲ್ಲ. ಬಾಟಲಿ ಸೇರಿಸುವ ದಿನ ನೀವೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಬಿಡಿ.

ಅಲಂಕಾರದ ಬಗ್ಗೆ, ಅದೇ ಕೆಲಸ ಮಾಡುವವಳಾಗಿ, ನಾನು ಹೇಳಬೇಕಾದ್ದು ಇನ್ನೂ ಇದೆ. ಈ ಗೋಡೆ ಮುಗಿದಾಗಲೇ ಅಲಂಕಾರ ಮುಗಿದಿರುತ್ತದೆ. ಅದರ ಪಕ್ಕ ಇನ್ನೊಂದು ಚಿತ್ತಾರದ ಗೋಡೆ, ಹೂವಿನ ಪರದೆ, ಗೆರೆಗೆರೆ ರಗ್ಗು ಹಾಕಿದರೆ ಕಣ್ಣಿಗೆ ಕೂರಲು ಜಾಗವೇ ಸಿಗಲ್ಲ. ನಾವು ಉಳಿದ ಮೂರು ಗೋಡೆಗೆ ಬಿಳಿ ಸುಣ್ಣ, ಮೇಲ್ಛಾವಣಿಗೂ ಬಿಳಿ, ನೆಲಕ್ಕೆ ಒಂದೇ ಬಣ್ಣ ಇಟ್ಟೆವು. ಪರದೆ ನೂಲಿನದು, ಬಣ್ಣ ಹಾಕದ್ದು. ಗಾರೆಯ ಬಣ್ಣವೂ ನಿಮ್ಮ ಆಯ್ಕೆಯೇ. ಸುಣ್ಣ ಜಾಸ್ತಿ ಇದ್ದು ಮರಳು ತಿಳಿಬಣ್ಣದ್ದಾದರೆ ಗಾರೆ ಬೆಳ್ಳಗೆ ಬರುತ್ತದೆ, ಕೋಣೆ ಬೆಳಗುತ್ತದೆ, ಮರ ಎದ್ದು ಕಾಣುತ್ತದೆ. ಕಪ್ಪು ಮರಳು ಹಾಕಿದರೆ ಗಾರೆ ಬೂದಿ ಬಣ್ಣಕ್ಕೆ ಹೋಗುತ್ತದೆ, ಮರವೂ ಅದೂ ಒಂದರಲ್ಲೊಂದು ಮುಳುಗುತ್ತವೆ. ಹಸಿ ಗಾರೆ ನೋಡಿ ಬಣ್ಣ ತೀರ್ಮಾನಿಸಬೇಡಿ. ಒಂದು ಹಲಗೆಯ ಮೇಲೆ ಮೆತ್ತಿ, ಪೂರ್ತಿ ಒಣಗಿಸಿ, ಹಗಲಿನಲ್ಲೂ ದೀಪದಲ್ಲೂ ನೋಡಿ.

ದೀಪ ಎದುರಿನಿಂದ ಹಾಕಿದರೆ ಈ ಗೋಡೆ ಚಪ್ಪಟೆಯಾಗಿ ಕಾಣುತ್ತದೆ. ಮೇಲಿನಿಂದಲೋ ಪಕ್ಕದಿಂದಲೋ ಗೋಡೆಗೆ ಸವರಿಕೊಂಡು ಹೋಗುವ ಹಾಗೆ ಹಾಕಿ. ಪ್ರತಿ ತುಂಡೂ ಕಾಲು ಇಂಚು ಮುಂದೆ ಇರುತ್ತದಲ್ವಾ, ಅದರ ಸಣ್ಣ ನೆರಳು ಗಾರೆಯ ಮೇಲೆ ಬೀಳುತ್ತದೆ. ಆಗ ಗೋಡೆಗೆ ಜೀವ ಬರುತ್ತದೆ. ಅದೇ ಬೆಳಕಿನಲ್ಲಿ ಒರಟು ಪಾಯಿಂಟಿಂಗ್ ಕೂಡ ಎದ್ದು ಕಾಣುತ್ತದೆ ಅನ್ನುವುದನ್ನು ಮೊದಲೇ ಹೇಳಿದೆ.

ಫೋಟೋ, ಕಪಾಟು ತೂಗುಹಾಕುವ ಯೋಚನೆ ಇದ್ದರೆ ಕಟ್ಟುವಾಗಲೇ ಹೇಳಬೇಕು. ಮರವೇ ಅಲ್ವಾ, ಮೊಳೆ ಹೊಡೆದರಾಯಿತು ಅಂತ ಅಂದುಕೊಳ್ಳಬೇಡಿ. ಇಲ್ಲಿ ಮೊಳೆ ಹೋಗುವುದು ಕೊಯ್ದ ಮುಖಕ್ಕೆ, ಅಂದರೆ ನಾರಿನ ಉದ್ದಕ್ಕೆ. ಅಡ್ಡ ನಾರು ಹಿಡಿಯುವಷ್ಟು ಬಿಗಿಯಾಗಿ ಅದು ಮೊಳೆ ಹಿಡಿಯುವುದಿಲ್ಲ, ಎಳೆದರೆ ಬರುತ್ತದೆ. ನಮಗೆ ಬೇಕಾದ ಕಡೆ ತುಂಡಿನ ಬದಲು ಉದ್ದನೆಯ ಹಲಗೆ ಕೂರಿಸಿ, ಕೋಣೆಯೊಳಕ್ಕೆ ಒಂದು ಗೇಣು ಚಾಚಿ ಬಿಟ್ಟರು. ಅದೇ ಈಗ ಪುಸ್ತಕದ ಕಪಾಟು. ಸ್ವಿಚ್ ಪೆಟ್ಟಿಗೆಯೂ ಹಾಗೆಯೇ. ವೈರಿನ ಕೊಳವೆ ಗೋಡೆ ಏಳುವಾಗ ನಡುವಿನ ಹೊಟ್ಟಿನ ಜಾಗದಲ್ಲೇ ಹೋಗಬೇಕು. ಆಮೇಲೆ ಕೊರೆಯುವುದು ಆಗದ ಮಾತು. ನಮ್ಮ ತಂಡ ಇದನ್ನು ಮೊದಲ ಮಾತುಕತೆಯಲ್ಲೇ ಕೇಳಿತು. "ಮೇಡಂ, ಮೇಜು ಎಲ್ಲಿ, ದೀಪ ಎಲ್ಲಿ, ಈಗಲೇ ಹೇಳಿಬಿಡಿ" ಅಂತ ಸೀಮೆಸುಣ್ಣ ಹಿಡಿದು ಕಂಬಗಳ ಮೇಲೆ ಗುರುತು ಹಾಕಿಕೊಂಡರು.

ಧೂಳಿನ ವಿಷಯ ಎಲ್ಲರೂ ಕೇಳುತ್ತಾರೆ. ಕೂರುತ್ತದೆ. ಪ್ರತಿ ತುಂಡಿನ ಮೇಲಂಚಿನಲ್ಲೂ ಕೂರುತ್ತದೆ. ಮೃದು ಬ್ರಷ್‌ನಿಂದ ಮೇಲಿನಿಂದ ಕೆಳಗೆ ಗುಡಿಸಿದರೆ ಹೋಗುತ್ತದೆ. ಒದ್ದೆ ಬಟ್ಟೆ ಬೇಡ. ಧೂಳು ಒರೆಸುವುದೇ ದೊಡ್ಡ ತಲೆನೋವು ಅನ್ನುವವರು ಒಂದೇ ಗೋಡೆ ಮಾಡಿಸಿ, ಇಡೀ ಮನೆ ಬೇಡ.

ಬೆಚ್ಚಗಿರುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಇದರಲ್ಲಿ ಉತ್ಪ್ರೇಕ್ಷೆ ಜಾಸ್ತಿ ಕೇಳಿಸುತ್ತದೆ. ಮರ ತನ್ನ ನಾರಿನ ಅಡ್ಡಕ್ಕೆ ಬಿಡುವುದಕ್ಕಿಂತ ಉದ್ದಕ್ಕೆ ಸುಮಾರು ಎರಡು ಪಟ್ಟು ಶಾಖ ಬಿಡುತ್ತದೆ. ಕಾರ್ಡ್‌ವುಡ್‌ನಲ್ಲಿ ನಾರು ಒಳಗಿನಿಂದ ಹೊರಕ್ಕೇ ನಿಂತಿರುತ್ತದೆ. ಆದ್ದರಿಂದ ತೆಳ್ಳನೆಯ ಗೋಡೆ ಕಟ್ಟಿಸಿ, ಮರ ಇದೆಯಲ್ಲ ಅಂತ ನೆಮ್ಮದಿಯಾಗಿರಲು ಆಗಲ್ಲ. ದಪ್ಪ ಬೇಕು, ನಡುವೆ ಹೊಟ್ಟು ಚೆನ್ನಾಗಿ ತುಂಬಿರಬೇಕು, ಸಂದುಗಳು ಮುಚ್ಚಿರಬೇಕು. ನಮ್ಮ 16 ಇಂಚಿನ ಗೋಡೆ ಹಗಲಿನ ಬಿಸಿಯನ್ನು ತಡವಾಗಿ ಒಳಗೆ ಬಿಡುತ್ತದೆ, ರಾತ್ರಿ ತಡವಾಗಿ ತಣ್ಣಗಾಗುತ್ತದೆ. ಏರಿಳಿತ ಕಡಿಮೆ. ಅದು ಗಾರೆಯ ಭಾರದಿಂದ ಆಗುವ ಕೆಲಸ. ಶಬ್ದದ ವಿಷಯದಲ್ಲಿ ನನಗೆ ನಿರೀಕ್ಷೆಗಿಂತ ಖುಷಿಯಾಗಿದೆ. ಗೋಡೆ ಏರುತಗ್ಗಾಗಿರುವುದರಿಂದ ಕೋಣೆಯಲ್ಲಿ ಮಾತು ಮಾರ್ದನಿ ಕೊಡುವುದಿಲ್ಲ.

ಮೊದಲ ಚಳಿಯಲ್ಲಿ ದಪ್ಪ ತುಂಡುಗಳ ಸುತ್ತ ಸಂದು ಬಿಟ್ಟಿತು. ತೆಳು ಕಾಗದದ ಚೂರು ಹತ್ತಿರ ಹಿಡಿದರೆ ಅಲ್ಲಾಡುತ್ತಿತ್ತು. ಇದನ್ನು ದೋಷ ಅಂತ ನಾನು ಬರೆಯುವುದಿಲ್ಲ. ಹೀಗಾಗುತ್ತದೆ, ಒಂದು ವರ್ಷ ಬಿಟ್ಟು ಬರುತ್ತೇವೆ ಅಂತ ತಂಡ ಮೊದಲೇ ಹೇಳಿತ್ತು. ಹೇಳಿದ ಹಾಗೆ ಬಂದರು. ಮರ ಕುಗ್ಗುವುದು ನಿಂತ ಮೇಲೆ, ಮರದ ದಿಮ್ಮಿ ಮನೆಗಳ ಸಂದಿಗೆ ಹಚ್ಚುವ, ರಬ್ಬರಿನಂತೆ ಹಿಗ್ಗುವ ಮುಲಾಮನ್ನು ತುಂಡುಗಳ ಸುತ್ತ ಎಳೆದು ಗಾರೆಯ ಬಣ್ಣಕ್ಕೆ ಸೇರಿಸಿದರು. ಆತುರಪಟ್ಟು ಮೊದಲ ತಿಂಗಳಲ್ಲೇ ಹಚ್ಚಿದ್ದರೆ ಮತ್ತೆ ಬಿಡುತ್ತಿತ್ತು. ಕೆಲಸ ಮುಗಿದ ಮೇಲೂ ಫೋನ್ ಎತ್ತಿ, ಕೊಟ್ಟ ಮಾತಿಗೆ ಬಂದು ನಿಂತಿದ್ದಕ್ಕೇ ಇವರಿಗೆ ನಾಲ್ಕು ಅಂಕ. ಇಲ್ಲದಿದ್ದರೆ ಮೂರೇ.

"ಮರ ಕೊಳೆಯಲ್ವಾ?" ಅಂತ ಕೇಳುವವರಿಗೆ ನಾನು ಹಳೆಯ ಕಟ್ಟಡಗಳನ್ನು ತೋರಿಸುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೆನ್ನಿಂಗ್ಸ್‌ನಲ್ಲಿ ಮೆಸಿಕಾಲ್ಸ್ಕಿ ಅಂಗಡಿ ಅಂತ ಒಂದಿದೆ. 1899ರಲ್ಲಿ ಇದೇ ರೀತಿಯಲ್ಲಿ ಕಟ್ಟಿದ್ದು, ಇವತ್ತಿಗೂ ನಿಂತಿದೆ. ಅದೇ ರಾಜ್ಯದಲ್ಲಿ ಪೋಲೆಂಡಿನಿಂದ ಬಂದ ಕ್ರುಜಾ ಅನ್ನುವವರು 1884ರಲ್ಲಿ ಕಟ್ಟಿದ ಮನೆಯನ್ನು ಓಲ್ಡ್ ವರ್ಲ್ಡ್ ವಿಸ್ಕಾನ್ಸಿನ್ ಎಂಬ ಬಯಲು ವಸ್ತು ಸಂಗ್ರಹಾಲಯಕ್ಕೆ ಸಾಗಿಸಿ ಕಾಪಾಡಿದ್ದಾರೆ. ಒಂದೇ ಸೂರಿನ ಕೆಳಗೆ ಒಂದು ಕಡೆ ಮನೆಯವರು, ಇನ್ನೊಂದು ಕಡೆ ಸಾಕುಪ್ರಾಣಿಗಳು ಇದ್ದ ಮನೆ ಅದು. ನೂರು ವರ್ಷ ದಾಟಿದ ಗೋಡೆಗಳು ಇವು. ಈ ವಿದ್ಯೆ ಮತ್ತೆ ಚಾಲ್ತಿಗೆ ಬಂದಿದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ನ್ಯೂಯಾರ್ಕ್ ರಾಜ್ಯದ ವೆಸ್ಟ್ ಚೇಜಿಯಲ್ಲಿರುವ ಅರ್ತ್‌ವುಡ್ ಶಾಲೆ 1981ರಿಂದ ಇದನ್ನು ಕೈಯಾರೆ ಕಲಿಸುತ್ತಾ ಬಂದಿತು.

ಹೀಗೆ ಬಾಳಬೇಕಾದರೆ ನೀರು ದೂರ ಇರಬೇಕು. ಪಾಯ ನೆಲದಿಂದ ಕಡಿಮೆ ಅಂದರೂ ಒಂದು ಅಡಿ ಮೇಲೆ ಬರಬೇಕು, ನೆಲಕ್ಕೆ ಬಿದ್ದ ಮಳೆ ಹನಿ ಸಿಡಿದು ಮರಕ್ಕೆ ತಾಗಬಾರದು. ಸೂರು ಎರಡು ಅಡಿಯಾದರೂ ಮುಂದಕ್ಕೆ ಚಾಚಿರಬೇಕು. ನಮ್ಮವರು ಮೊದಲು ಕಂಬ, ತೊಲೆ ನಿಲ್ಲಿಸಿ ಮಾಡು ಹಾಕಿಬಿಟ್ಟರು. ಆಮೇಲೆ ಅದರ ನೆರಳಿನಲ್ಲಿ ಗೋಡೆ ತುಂಬಿದರು. ಇದು ನಿಜಕ್ಕೂ ಒಳ್ಳೆಯ ಕ್ರಮ. ಮಾಡಿನ ಭಾರ ಕಂಬಗಳ ಮೇಲೆ ಇರುತ್ತದೆ, ಗಾರೆಗೆ ಮಳೆ ತಾಗುವುದಿಲ್ಲ, ಬಿಸಿಲೂ ಅಷ್ಟಾಗಿ ಹೊಡೆಯುವುದಿಲ್ಲ. ಓರೆ ಬಿಸಿಲು ಬೀಳುವ ಕಡೆ ಒದ್ದೆ ಗೋಣಿ ಇಳಿಬಿಡುತ್ತಿದ್ದರು. ಕಂಬಗಳ ಪಕ್ಕಕ್ಕೆ ಉದ್ದಕ್ಕೂ ಒಂದು ಮರದ ಪಟ್ಟಿ ಹೊಡೆದಿದ್ದರು. ಗಾರೆ ಮರಕ್ಕೆ ಅಂಟುವುದಿಲ್ಲ ಅಂದೆನಲ್ಲ, ಈ ಪಟ್ಟಿ ಗೋಡೆಯೊಳಗೆ ಕಚ್ಚಿಕೊಂಡು ಅದನ್ನು ಚೌಕಟ್ಟಿನಿಂದ ಜಾರದಂತೆ ಹಿಡಿಯುತ್ತದೆ. ಮುಗಿದ ಮೇಲೆ ಕಾಣುವುದಿಲ್ಲ. ಇದನ್ನು ಬಿಟ್ಟುಬಿಡುವ ತಂಡಗಳೂ ಇರಬಹುದು, ಕೇಳಿ ತಿಳಿದುಕೊಳ್ಳಿ.

ಹೊರಮುಖದ ಮರ ಈಗಾಗಲೇ ಬೂದು ಬಣ್ಣಕ್ಕೆ ತಿರುಗುತ್ತಿದೆ, ಬಿಸಿಲಿಗೆ ಹಾಗಾಗುತ್ತದೆ. ನನಗೆ ಅದೂ ಇಷ್ಟ. ಒಳಗಡೆ ಮಾತ್ರ ಮರ ಕೆಂಪಗೇ ಉಳಿದಿದೆ, ಬಾಗಿಲು ಮುಚ್ಚಿಟ್ಟು ತೆರೆದರೆ ಸೀಡರ್ ವಾಸನೆ ಬರುತ್ತದೆ.

ಸಾಮಾನು ತೆಗೆದುಕೊಂಡು ಹೋಗುವಾಗ ತಂಡ ಅಂಗಳ ಗುಡಿಸಲಿಲ್ಲ. ಗಾರೆ ಕಲಸಿದ ಜಾಗದಲ್ಲಿ ಸುಣ್ಣ ಹಾಗೇ ಬಿದ್ದಿತ್ತು. ಸಣ್ಣ ಮಾತು, ಆದರೆ ಮೊದಲೇ ಮಾತಾಡಿಕೊಂಡರೆ ಒಳ್ಳೆಯದು.

ಪಕ್ಕದಲ್ಲಿ ಒಂದು ಜಗಲಿ ಕೋಣೆ ಮಾಡಿಸುವ ಆಸೆ ಮನೆಯವರಿಗೆ ಬಂದಿದೆ. ಇದೇ ತಂಡವನ್ನೇ ಕರೆಯುತ್ತೇವೆ. ಈ ಸಲ ಮೂರು ವಿಷಯ ಬರಹದಲ್ಲಿ ಹಾಕಿಸುತ್ತೇನೆ. ನೆನೆಸಿದ ಹೊಟ್ಟು ಮುಗಿದರೆ ಆ ದಿನದ ಕಲಸುವಿಕೆ ನಿಲ್ಲಬೇಕು. ಸೀಳಿದ ಸಣ್ಣ ತುಂಡುಗಳ ಒಂದು ರಾಶಿ ಕೊನೆಯ ಸಾಲಿಗೆ ಅಂತಲೇ ಬೇರೆ ಇರಬೇಕು. ಮತ್ತೆ ಪೂರ್ತಿ ಪಾಯಿಂಟಿಂಗ್ ಅಕ್ಕನೇ ಮಾಡಬೇಕು, ಅದಕ್ಕೆ ಎಷ್ಟು ದಿನ ಹೆಚ್ಚಾದರೂ ಪರವಾಗಿಲ್ಲ.